ತೂಕ ಇಳಿಸಿದ್ದು ಸೈಕಲ್ಲಾ, ತಟ್ಟೆಯಾ? ಪುಣೆ, ಮುಂಬೈ, ಗೋವಾದ ಕನ್ನಡಿಗರೇ ಹೇಳಿ

ಪಾಷಾಣ್ ಸವಾರ (ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಕಡೆಯವನು. ಪುಣೆಗೆ ಬಂದು ಬಹಳ ವರ್ಷ ಆಯಿತು. ಹಿಂಜವಡಿಯಲ್ಲಿ ಕೆಲಸ, ಪಾಷಾಣ್‌ನಲ್ಲಿ ಮನೆ, ವಯಸ್ಸು 43. ಹೋದ ವರ್ಷದ ಶುರುವಿನಲ್ಲಿ ತೂಕ 97 ಕಿಲೋ ಇತ್ತು, ಸೊಂಟ 108 ಸೆಂ.ಮೀ., ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 7.3. ಈಗ 82 ಕಿಲೋ, ಸೊಂಟ 94, ಎಚ್‌ಬಿಎ1ಸಿ 6.1. ಸಕ್ಕರೆ ಮಾತ್ರೆಯ ಡೋಸ್ ಅರ್ಧಕ್ಕೆ ಇಳಿದಿದೆ. ಇಳಿಸಿದ್ದು ಡಾಕ್ಟರು, ನಾನಾಗಿ ಅಲ್ಲ.

ಸಿಕ್ಕವರೆಲ್ಲ "ಸೈಕಲ್ ಹೊಡೆದು ಇಳಿಸಿದ್ರಾ?" ಅಂತ ಕೇಳುತ್ತಾರೆ. ಹೌದು ಅಂದರೆ ಅದು ಅರ್ಧ ಉತ್ತರ. ಇಲ್ಲಿ ಬರೆಯುವುದಕ್ಕೂ ಅದೇ ಕಾರಣ. ನಮ್ಮವರು ಎಷ್ಟೋ ಜನ ಆಸೆಯಿಂದ ಸೈಕಲ್ ಕೊಳ್ಳುತ್ತಾರೆ, ಒಂದೆರಡು ತಿಂಗಳು ಓಡಿಸುತ್ತಾರೆ, ತೂಕದ ಮುಳ್ಳು ಅಲುಗಾಡಲಿಲ್ಲ ಅಂತ ಬಾಲ್ಕನಿಗೆ ಒರಗಿಸಿಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಲೆಕ್ಕ ಸುಲಭ. ತೊಂಬತ್ತು ಕಿಲೋ ಆಸುಪಾಸಿನವರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 16–18 ಕಿ.ಮೀ. ವೇಗದಲ್ಲಿ ಒಂದು ತಾಸು ಓಡಿಸಿದರೆ ಖರ್ಚಾಗುವುದು ಸುಮಾರು 500–600 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಇರುವುದು ಸುಮಾರು 7,700. ಭಾನುವಾರ ಬೆಳಿಗ್ಗೆ ಸೈಕಲ್ ಗುಂಪುಗಳು ನಿಲ್ಲುವ ಕಡೆ ಹೋಗಿ ನೋಡಿ. ತರ್ರಿ (ಎಣ್ಣೆ ತೇಲುವ ಖಾರದ ರಸ) ಹಾಕಿದ ಮಿಸಳ್, ಎರಡು ಪಾವ್, ಮೇಲೊಂದು ಸಕ್ಕರೆ ಚಹಾ. ಸುಟ್ಟಿದ್ದು ಅಲ್ಲೇ ವಾಪಸ್ ಬಂತು.

ಹಾಗಾದರೆ ಸೈಕಲ್ ಯಾಕೆ? ನನಗೆ ಇದೇ ಮುಖ್ಯ ವಿಷಯ. ತೊಡೆ ಮತ್ತು ಪೃಷ್ಠದ ಸ್ನಾಯುಗಳು ದೇಹದಲ್ಲೇ ದೊಡ್ಡವು. ಪೆಡಲ್ ತುಳಿಯುವಾಗ ಅವು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ ದಾರಿ ಕಾಯದೆ ತಾವೇ ಎಳೆದುಕೊಳ್ಳುತ್ತವೆ. ನಿಲ್ಲಿಸಿದ ಮೇಲೂ ಒಂದು ದಿನ, ಕೆಲವರಲ್ಲಿ ಎರಡು ದಿನದವರೆಗೆ, ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಸಕ್ಕರೆ ಇರುವವರು ಎರಡು ದಿನಕ್ಕಿಂತ ಜಾಸ್ತಿ ಬಿಡುವು ಕೊಡಬಾರದು ಅನ್ನುವುದು. ತೂಕ ಇಳಿಯುವ ಮುಂಚೆಯೇ ನನ್ನ ಬೆಳಗಿನ ಸಕ್ಕರೆ ಇಳಿದಿತ್ತು. ನಿದ್ದೆ ಸರಿಹೋಯಿತು. ಮಧ್ಯಾಹ್ನ ಮೂರು ಗಂಟೆಗೆ ಆಫೀಸಿನಲ್ಲಿ ಕಣ್ಣು ಎಳೆಯುವುದು ನಿಂತಿತು.

ತೂಕ ಇಳಿಸಿದ್ದು ತಟ್ಟೆ. ಅದಕ್ಕೆ ಪರದೇಶದ ಡಯಟ್ ಏನೂ ಬೇಕಾಗಲಿಲ್ಲ. ಊರಿನ ಊಟಕ್ಕೇ ವಾಪಸ್ ಹೋದೆ. ಜೋಳದ ರೊಟ್ಟಿ ಎರಡು, ಅದಕ್ಕಿಂತ ಜಾಸ್ತಿ ಇಲ್ಲ. ಪಲ್ಯ ಮೊದಲಿನ ಎರಡರಷ್ಟು. ಮಡಕಿ ಕಾಳು ಮೊಳಕೆ ಕಟ್ಟಿದ್ದು, ಇಲ್ಲವೇ ಹೆಸರುಕಾಳು, ಅಲಸಂದಿ. ಹಸಿ ಮೆಂತ್ಯ, ಸೌತೆಕಾಯಿ, ಈರುಳ್ಳಿ, ಮಜ್ಜಿಗೆ. ಪುಂಡಿ ಸೊಪ್ಪು ಇಲ್ಲಿ ಮಂಡಯಿಯಲ್ಲಿ (ತರಕಾರಿ ಮಾರುಕಟ್ಟೆ) ಅಂಬಾಡಿ ಅಂತ ಧಾರಾಳವಾಗಿ ಸಿಗುತ್ತದೆ. ಶೇಂಗಾ ಹಿಂಡಿ ಬಿಟ್ಟಿಲ್ಲ, ಆದರೆ ಒಂದು ಚಮಚ ಅಷ್ಟೇ. ಶೇಂಗಾ ಒಳ್ಳೆಯದೇ, ಆದರೂ ಒಂದು ಹಿಡಿಯಲ್ಲಿ 170 ಕ್ಯಾಲೊರಿ ಇರುತ್ತದೆ.

ನಿಮ್ಮ ಅನುಭವ ಬರೆಯಿರಿ. ಒಪ್ಪದಿದ್ದರೂ ಬರೆಯಿರಿ.

ಡೊಂಬಿವಲಿ ಅಕ್ಕ

ಓದಿ ತುಂಬಾ ಸಂತೋಷ ಆಯಿತು. ನನಗೆ 52. ಎರಡೂ ಮಂಡಿ ನೋವು. ಡೊಂಬಿವಲಿ ರಸ್ತೆಯಲ್ಲಿ ಸೈಕಲ್ ಇಳಿಸುವ ಧೈರ್ಯ ನನಗಿಲ್ಲ, ಅದಕ್ಕೇ ಮಗ ಮನೆಯಲ್ಲೇ ನಿಂತಲ್ಲೇ ತುಳಿಯುವ ಸೈಕಲ್ ತಂದುಕೊಟ್ಟ. ದಿನಾ ಅರ್ಧ ತಾಸು ತುಳಿಯುತ್ತೇನೆ. ಉಸಿರು ಚೆನ್ನಾಗಿದೆ, ಮೆಟ್ಟಿಲು ಹತ್ತುವಾಗ ಏದುಸಿರು ಇಲ್ಲ. ಆದರೆ ಮಂಡಿಯ ಮುಂಭಾಗದಲ್ಲಿ ನೋವು ಸ್ವಲ್ಪ ಜಾಸ್ತಿ ಆಗಿದೆ. ತುಳಿಯುವುದು ಬಿಡಬೇಕಾ?

ಇನ್ನೊಂದು ಮಾತು. ನಮ್ಮ ಕಟ್ಟಡದಲ್ಲಿ ಎಲ್ಲರೂ ವಾರಕ್ಕೊಂದು ದಿನ ಉಪವಾಸ ಅಂತ ಸಾಬುದಾಣಾ ಖಿಚಡಿ ಮಾಡುತ್ತಾರೆ. ಸಾಬುದಾಣಾ ಅಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. ನಾರಿಲ್ಲ, ಪ್ರೋಟೀನ್ ಇಲ್ಲ. ಮೇಲೆ ಆಲೂಗಡ್ಡೆ, ಶೇಂಗಾ, ತುಪ್ಪ. ಉಪವಾಸದ ದಿನವೇ ಉಳಿದ ದಿನಕ್ಕಿಂತ ಹೆಚ್ಚು ತಿಂದ ಹಾಗೆ ಆಗುತ್ತದೆ. ನಾನು ಈಗ ಹಣ್ಣು, ಹಾಲು, ಮೊಸರು ಮಾತ್ರ ಇಟ್ಟುಕೊಂಡಿದ್ದೇನೆ. ದೇವರಿಗೂ ಇದೇ ಇಷ್ಟ ಆಗಬಹುದು ಅಂತ ನನ್ನ ನಂಬಿಕೆ.

ಖಡಕ್‌ವಾಸ್ಲಾ ರೈಡರ್ (ಪುಣೆ)

ಪಾಷಾಣ್ ಅವರೇ, ಅಭಿನಂದನೆ. ಆದರೆ ಸೈಕಲ್ಲಿಗೆ ನೀವು ಕಡಿಮೆ ಮಾರ್ಕ್ಸ್ ಕೊಟ್ಟಿರಿ. ನಾನು ಊಟ ಅಳೆದವನೇ ಅಲ್ಲ. ಪುಣೆ ಹತ್ತಿರದ ಸಿಂಹಗಡ ಕೋಟೆಯ ಘಾಟ್ ಹತ್ತುವ ಹುಚ್ಚು ಹಿಡಿಯಿತು, ತೂಕ ತಾನಾಗಿ ಇಳಿಯಿತು. ಪುಣೆ ಇರುವುದು ಸಮುದ್ರಮಟ್ಟದಿಂದ 560 ಮೀಟರ್ ಎತ್ತರದಲ್ಲಿ, ಗಡದ ತುದಿ 1,300ರ ಹತ್ತಿರ. ಹೊಟ್ಟೆ ತುಂಬಾ ಪೂರಿ ತಿಂದು ಆ ಏರು ಹತ್ತಲು ಹೋದವನಿಗೆ ಮರುವಾರ ತಾನಾಗಿ ಪೂರಿ ಬೇಡ ಅನಿಸುತ್ತದೆ. ರಾತ್ರಿ ಪಾರ್ಟಿ ನಿಂತಿತು, ಯಾಕೆಂದರೆ ಬೆಳಿಗ್ಗೆ ಐದಕ್ಕೆ ಏಳಬೇಕು. ಸಿಗರೇಟು ನಿಂತಿತು, ಯಾಕೆಂದರೆ ಏರಿನಲ್ಲಿ ಶ್ವಾಸಕೋಶ ಲೆಕ್ಕ ಕೇಳುತ್ತದೆ. ಇದೆಲ್ಲ ಸೈಕಲ್ ಮಾಡಿಸಿದ ಕೆಲಸ ಅಲ್ವಾ?

ಗಡದ ಮೇಲಿನ ಪಿಠಲ–ಭಾಕರಿ, ಮಡಕೆ ಮೊಸರು ಮಾತ್ರ ನಾನು ಯಾವ ಲೆಕ್ಕಕ್ಕೂ ಬಿಡುವುದಿಲ್ಲ.

ಪಾಷಾಣ್ ಸವಾರ

ನಿಮ್ಮ ಮಾತು ಒಪ್ಪಿದೆ. ಸೈಕಲ್ ನಿಮ್ಮ ಊಟ, ನಿದ್ದೆ ಎರಡನ್ನೂ ತಿದ್ದಿತು. ಅಂದರೆ ತಟ್ಟೆ ಬದಲಾಯಿತು, ನೀವು ಅಳೆಯಲಿಲ್ಲ ಅಷ್ಟೇ. ಆದರೆ ಎಲ್ಲರಿಗೂ ಘಾಟ್ ಹತ್ತಲು ಆಗುವುದಿಲ್ಲ. ದಿನಕ್ಕೆ ಮುಕ್ಕಾಲು ತಾಸು ಸಿಗುವ ಸಂಸಾರಸ್ಥನಿಗೆ, ಬರೀ ಪೆಡಲ್ ನಂಬಿಕೊಂಡರೆ ಸಾಲುವುದಿಲ್ಲ. ಪಿಠಲ–ಭಾಕರಿ ಬಗ್ಗೆ ನನ್ನ ತಕರಾರಿಲ್ಲ. ಕಡಲೆಹಿಟ್ಟು, ಜೋಳ, ಮೊಸರು. ಪಾವ್‌ಗಿಂತ ಸಾವಿರ ಪಾಲು ಮೇಲು.

ಥಾಣೆ ಫಿಸಿಯೊ

ಡೊಂಬಿವಲಿ ಅಕ್ಕ, ನಿಮಗೇ ಬರೆಯುತ್ತಿದ್ದೇನೆ. ತುಳಿಯುವುದು ಬಿಡುವ ಮುಂಚೆ ಸೀಟು ನೋಡಿ. ನನ್ನ ಹತ್ತಿರ ಬರುವ ಸೈಕಲ್ ಮಂಡಿ ನೋವುಗಳಲ್ಲಿ ಬಹುಪಾಲು ಸೀಟು ಕೆಳಗಿರುವುದರಿಂದ ಬಂದವು. ಬೀಳುವ ಹೆದರಿಕೆಗೆ ಎಲ್ಲರೂ ಸೀಟು ತಗ್ಗಿಸಿಕೊಳ್ಳುತ್ತಾರೆ. ಕಾಲು ಪೂರಾ ಮಡಚಿದ ಹಾಗೇ ಇದ್ದು, ಒತ್ತಡವೆಲ್ಲ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ.

ಹೀಗೆ ಮಾಡಿ. ಯಾರಾದರೂ ಪಕ್ಕದಲ್ಲಿ ಹಿಡಿದುಕೊಳ್ಳಲಿ. ಸೀಟಿನ ಮೇಲೆ ನೇರವಾಗಿ ಕುಳಿತು ಒಂದು ಪೆಡಲನ್ನು ಪೂರ್ತಿ ಕೆಳಗೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರ ಆಗಬೇಕು, ಸೊಂಟ ಆ ಕಡೆಗೆ ವಾಲಬಾರದು. ಮಂಡಿ ಇನ್ನೂ ಮಡಚಿದ್ದರೆ ಸೀಟು ಮೇಲೆತ್ತಿ. ಹಿಮ್ಮಡಿ ಮುಟ್ಟದಿದ್ದರೆ ಇಳಿಸಿ. ಆಮೇಲೆ ತುಳಿಯುವಾಗ ಹಿಮ್ಮಡಿ ಇಡಬೇಡಿ, ಹೆಬ್ಬೆರಳ ಬುಡದ ಅಗಲ ಭಾಗ ಪೆಡಲ್ ಮೇಲೆ ಇರಲಿ. ಆಗ ಮಂಡಿ ಬೇಕಾದಷ್ಟೇ, 25–35 ಡಿಗ್ರಿ, ಮಡಚಿರುತ್ತದೆ. ಮುಂಭಾಗ ನೋವಾದರೆ ಸಾಮಾನ್ಯವಾಗಿ ಸೀಟು ತಗ್ಗು. ಮಂಡಿಯ ಹಿಂದೆ ನೋವಾದರೆ ಸೀಟು ಎತ್ತರ.

ಇನ್ನೊಂದು, ಭಾರ ಕಡಿಮೆ ಇಟ್ಟುಕೊಳ್ಳಿ. ಹಗುರ ಗೇರಿನಲ್ಲಿ ನಿಮಿಷಕ್ಕೆ 70–80 ಸುತ್ತು ಬೇಗ ಬೇಗ ತುಳಿಯುವುದು ಮಂಡಿಗೆ ಒಳ್ಳೆಯದು. ಗಟ್ಟಿ ಗೇರಿನಲ್ಲಿ ನಿಧಾನ ಒತ್ತುವುದು ಒಳ್ಳೆಯದಲ್ಲ. ಎಷ್ಟು ಜೋರು ಅಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಸೈಕಲ್ ಮೇಲೆ ದೇಹದ ಭಾರ ಸೀಟು ಹೊರುತ್ತದೆ, ಮಂಡಿ ಹೊರುವುದಿಲ್ಲ. ಅದಕ್ಕೇ ತೂಕ ಜಾಸ್ತಿ ಇರುವವರಿಗೆ ಓಡುವುದಕ್ಕಿಂತ ಇದು ವಾಸಿ. ಎರಡು ವಾರ ಹೀಗೆ ಮಾಡಿಯೂ ನೋವು ಇದ್ದರೆ, ಅಥವಾ ಮಂಡಿ ಊದಿಕೊಂಡರೆ, ಯಾರಿಗಾದರೂ ತೋರಿಸಿ.

ವಾಸ್ಕೊ ಗದಗ

ನಾನು ಗದಗದವನು, ವಾಸ್ಕೊದಲ್ಲಿ ಇದ್ದೇನೆ. ಕೆಲಸ ಬಂದರಿನ ಕಡೆ. ಈ ಚರ್ಚೆ ಓದುತ್ತಾ ಒಂದು ಮಾತು ಹೇಳಲೇಬೇಕು ಅನಿಸಿತು. ಸೈಕಲ್ ಅಂದರೆ ಹೆಲ್ಮೆಟ್, ಬಿಗಿ ಬಟ್ಟೆ, ಐವತ್ತು ಸಾವಿರದ ಗಾಡಿ ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ಹೆಲ್ಮೆಟ್ ಬೇಕು, ಉಳಿದದ್ದು ಬೇಕಿಲ್ಲ. ನನ್ನದು ಹಳೆಯ ಗಟ್ಟಿ ಸೈಕಲ್, ಗೇರಿಲ್ಲ. ಅದರಲ್ಲೇ ಕೆಲಸಕ್ಕೆ ಹೋಗಿ ಬರುತ್ತೇನೆ. ವ್ಯಾಯಾಮಕ್ಕೆ ಬೇರೆ ಟೈಮ್ ಬೇಡ. ಬೈಕ್ ಮಾರಿದ ಮೇಲೆ ಪೆಟ್ರೋಲ್ ದುಡ್ಡು ಉಳಿಯಿತು, ಆ ದುಡ್ಡಿನಲ್ಲೇ ಮನೆಗೆ ಹಣ್ಣು, ತರಕಾರಿ ಬರುತ್ತದೆ.

ಗೋವಾದಲ್ಲಿ ಬೆಳಿಗ್ಗೆ ಪದೇರ್‌ಗಳನ್ನು ನೋಡಿದ್ದೀರಾ? ಹಿಂದೆ ದೊಡ್ಡ ಬುಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್, ರಬ್ಬರ್ ಹಾರ್ನ್ ಪೊಂಯ್ ಪೊಂಯ್ ಅನ್ನಿಸುತ್ತಾ ಏರು ಇಳಿಜಾರು ಎಲ್ಲಾ ತುಳಿದು ಬ್ರೆಡ್ ಹಂಚುತ್ತಾರೆ. ನಮ್ಮ ಓಣಿಗೆ ಬರುವವರಿಗೆ ಅರವತ್ತರ ಹತ್ತಿರ ವಯಸ್ಸು. ಮೀನಖಂಡ ಕಲ್ಲಿನ ಹಾಗಿದೆ. ಅವರಿಂದ ನಾನು ಈಗ ಬಿಳಿ ಪಾವ್ ತಗೊಳ್ಳುವುದಿಲ್ಲ, ಗೋಧಿ ತವುಡು ಹಾಕಿದ ಪೊಯ್ ತಗೊಳ್ಳುತ್ತೇನೆ. ನಾರು ಜಾಸ್ತಿ, ಒಂದಕ್ಕೇ ಹೊಟ್ಟೆ ತುಂಬುತ್ತದೆ.

ಅನ್ನ ಬಿಡಲು ಆಗಲಿಲ್ಲ, ಬಿಡಲೂ ಬೇಕಿಲ್ಲ. ಇಲ್ಲಿ ಸಿಗುವ ಕೆಂಪು ಉಕಡೆ ಅಕ್ಕಿ ನಮ್ಮ ಕರಾವಳಿಯ ಕುಚ್ಚಲಕ್ಕಿಯ ಥರಾನೇ. ಒಂದು ಬಟ್ಟಲು ಅಳತೆ ಮಾಡಿ ಹಾಕಿಕೊಳ್ಳುತ್ತೇನೆ. ಬಂಗಡೆ ರವಾ ಫ್ರೈ ಬದಲು ಹುಳಿ ಹಾಕಿದ ಸಾರು. ರವಾ ಎಣ್ಣೆ ಎಷ್ಟು ಕುಡಿಯುತ್ತದೆ ಅಂತ ಬಾಣಲೆ ಅಳೆದು ನೋಡಿದವರಿಗೇ ಗೊತ್ತು. ಸಂಜೆ ಮಿರ್ಚಿ ಭಜಿ ಮಾತ್ರ ಬಿಡುವುದು ಬಹಳ ಕಷ್ಟ ಆಯಿತು. ಗದಗಿನವರಿಗೆ ಅರ್ಥ ಆಗುತ್ತದೆ.

ರಜೆ ಇದ್ದರೆ ಹಳೇ ಗೋವಾದಿಂದ ಫೆರ್ರಿ ಹತ್ತಿ ದಿವಾಡಿ ದ್ವೀಪಕ್ಕೆ ಬನ್ನಿ. ದೋಣಿಯಲ್ಲಿ ಸೈಕಲ್ ಹಾಕಿಕೊಂಡು ಹೋಗಬಹುದು. ಗದ್ದೆ ನಡುವಿನ ರಸ್ತೆ, ಗಾಡಿ ಕಡಿಮೆ. ಹೆಂಗಸರು, ಮಕ್ಕಳು ಹೆದರಿಕೆ ಇಲ್ಲದೆ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮುಲುಂಡ್ ಹಿರಿಯ

ಎಲ್ಲರೂ ಸೈಕಲ್ ಸೈಕಲ್ ಅನ್ನುತ್ತಿದ್ದೀರಿ. ನನಗೆ 66. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಹುಡುಗನಾಗಿ ಸೇರಿ, ಕೊನೆಗೆ ಸ್ವಂತ ಹೋಟೆಲ್ ನಡೆಸಿದವನು. ಬೆಳಗಿನ ಮೊದಲ ದೋಸೆಯಿಂದ ರಾತ್ರಿ ಕೊನೆಯ ಕಾಫಿವರೆಗೆ ರುಚಿ ನೋಡುವುದೇ ಕೆಲಸ. ನಿವೃತ್ತನಾದ ಮೇಲೆ ದಿನಾ ನಡೆದೆ, ರಾತ್ರಿ ಊಟ ಏಳೂವರೆಗೆ ಮುಗಿಸಿದೆ. ಅಷ್ಟರಲ್ಲೇ ಬಿ.ಪಿ. ಹತೋಟಿಗೆ ಬಂತು. ಮುಂಬೈಯ ರಸ್ತೆಯಲ್ಲಿ ಈ ವಯಸ್ಸಿನಲ್ಲಿ ಸೈಕಲ್ ಯಾಕಪ್ಪಾ? ನಡೆದರೆ ಸಾಲದೇ?

ಉಪ್ಪಿನ ಬಗ್ಗೆ ಯಾರೂ ಹೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮ್‌ಗಿಂತ ಕಡಿಮೆ, ಒಂದು ಟೀ ಚಮಚದಷ್ಟು. ಹೋಟೆಲ್ ಸಾಂಬಾರು, ಚಟ್ನಿ, ಉಪ್ಪಿನಕಾಯಿ, ಹಪ್ಪಳ ಸೇರಿಸಿದರೆ ಒಂದೇ ಹೊತ್ತಿಗೆ ಅದು ದಾಟುತ್ತದೆ. ಅಡುಗೆಮನೆ ಒಳಗಿನಿಂದ ನೋಡಿದವನ ಮಾತು ಇದು.

ಪಾಷಾಣ್ ಸವಾರ

ಹಿರಿಯರೇ, ನಡೆಯುವುದು ಸಾಕು. ಧಾರಾಳ ಸಾಕು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ ಅಂತ ಅದೇ ಸಂಸ್ಥೆ ಹೇಳುತ್ತದೆ. ಅದು ಕಾಲಿನಿಂದ ಬರಲಿ, ಪೆಡಲಿನಿಂದ ಬರಲಿ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸಕ್ಕರೆ ಏರುವುದು ಕಡಿಮೆ ಆಗುತ್ತದೆ, ಇದು ಸೈಕಲ್ಲಿಗಿಂತ ಸುಲಭ. ನನಗೆ ಸೈಕಲ್ ಯಾಕೆ ಅಂದರೆ, ಆ ತೂಕದಲ್ಲಿ ಜೋರಾಗಿ ನಡೆದರೆ ಹಿಮ್ಮಡಿ ನೋಯುತ್ತಿತ್ತು. ಮತ್ತೆ ಸೈಕಲ್ ಮೇಲೆ ಕೂತರೆ ಖುಷಿ. ಖುಷಿ ಇರುವುದನ್ನೇ ನಾಳೆ ಮತ್ತೆ ಮಾಡುತ್ತೇವೆ.

ಪಾಮ್ ಬೀಚ್ (ನವಿ ಮುಂಬೈ)

ಮುಂಬೈಯಲ್ಲಿ ಸೈಕಲ್ ಕಷ್ಟ ಅನ್ನುವುದು ನಿಜ. ಬಾಂದ್ರಾ–ವರ್ಲಿ ಸೀ ಲಿಂಕ್ ಮೇಲೆ, ಅಟಲ್ ಸೇತು ಮೇಲೆ ಸೈಕಲ್ ಬಿಡುವುದಿಲ್ಲ. ಸೈಕಲ್ ಟ್ರ್ಯಾಕ್ ಇರುವ ಕಡೆ ಬೈಕು ನಿಂತಿರುತ್ತದೆ. ಆದರೂ ಬೆಳಿಗ್ಗೆ ಆರೂವರೆ ಒಳಗೆ ಮುಗಿಸುವವರಿಗೆ ಮರೀನ್ ಡ್ರೈವ್ ಇದೆ. ಬೋರಿವಲಿಯವರಿಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಇದೆ, ಒಳಗೆ ಕನ್ಹೇರಿ ಗುಹೆವರೆಗೂ ಕಾಡಿನ ರಸ್ತೆ. ಕತ್ತಲಿದ್ದರೆ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಇಲ್ಲದೆ ಹೊರಡಬೇಡಿ. ಇಯರ್‌ಫೋನ್ ಬೇಡವೇ ಬೇಡ.

ಪಿಂಪ್ರಿ ಸಿಸ್ಟರ್

ನಾನು ನರ್ಸ್. ಒಂದು ಎಚ್ಚರಿಕೆ ಹೇಳಬೇಕು, ದಯವಿಟ್ಟು ಹಗುರವಾಗಿ ತಗೋಬೇಡಿ. ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆ ಒಂದೇ ತಗೊಳ್ಳುವವರಿಗೆ ವ್ಯಾಯಾಮದಲ್ಲಿ ಸಕ್ಕರೆ ಅಪಾಯಕ್ಕೆ ಇಳಿಯುವುದು ಅಪರೂಪ. ಆದರೆ ಗ್ಲಿಮಿಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇರುವವರು ಖಾಲಿ ಹೊಟ್ಟೆಯಲ್ಲಿ ಹೊರಟರೆ ದಾರಿಯಲ್ಲೇ ಸಕ್ಕರೆ ಬೀಳಬಹುದು. ತಣ್ಣನೆ ಬೆವರು, ಕೈ ನಡುಕ, ಎದೆ ಡವಡವ, ತಲೆ ಗಿರ್ ಅನ್ನುವುದು. ತಕ್ಷಣ ನಿಲ್ಲಿಸಿ ಇಳಿಯಿರಿ. 15 ಗ್ರಾಮ್ ಗ್ಲೂಕೋಸ್, ಇಲ್ಲವೇ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. 70ಕ್ಕಿಂತ ಕೆಳಗೇ ಇದ್ದರೆ ಇನ್ನೊಮ್ಮೆ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನಕ್ಕೆ ಏರುತ್ತದೆ. ದೂರ ಓಡಿಸಿದ ದಿನ ರಾತ್ರಿ ನಿದ್ದೆಯಲ್ಲೂ ಸಕ್ಕರೆ ಬೀಳಬಹುದು.

ನಲವತ್ತು ದಾಟಿದವರು, ಬಿ.ಪಿ. ಅಥವಾ ಸಕ್ಕರೆ ಇರುವವರು, ಶುರು ಮಾಡುವ ಮುಂಚೆ ಡಾಕ್ಟರ ಹತ್ತಿರ ಮಾತಾಡಿ. ತೂಕ ಇಳಿಯುತ್ತಾ ಹೋದ ಹಾಗೆ ಸಕ್ಕರೆ ಮಾತ್ರೆಯ ಹಳೆಯ ಡೋಸ್ ದೇಹಕ್ಕೆ ಜಾಸ್ತಿಯಾಗಬಹುದು, ಬಿ.ಪಿ. ಮಾತ್ರೆಯೂ ಅಷ್ಟೇ. ಎದ್ದಾಗ ಕಣ್ಣು ಕತ್ತಲೆ ಬಂದರೆ ಡಾಕ್ಟರಿಗೆ ಹೇಳಿ. ನೀವಾಗಿ ನಿಲ್ಲಿಸಬೇಡಿ.

ಚಿಂಚ್‌ವಡ್ ನೈಟ್ ಶಿಫ್ಟ್

ನನ್ನ ಪ್ರಶ್ನೆ ಎರಡು. ಮೊದಲ ಮೂರು ತಿಂಗಳು 7 ಕಿಲೋ ಇಳಿಯಿತು, ಈಗ ಎರಡು ತಿಂಗಳಿಂದ ನಿಂತಲ್ಲೇ ನಿಂತಿದೆ. ಯಾಕೆ? ಗೆಳೆಯ ಹೇಳುತ್ತಾನೆ, ಅನ್ನ ರೊಟ್ಟಿ ಪೂರಾ ಬಿಡು, ಬರೀ ಪನೀರ್, ಮೊಟ್ಟೆ, ಚಿಕನ್ ತಿನ್ನು ಅಂತ. ಮಾಡಲಾ?

ಪಾಷಾಣ್ ಸವಾರ

ನಿಲ್ಲುವುದು ಸಹಜ, ಗಾಬರಿ ಬೇಡ. ದೇಹ ಚಿಕ್ಕದಾದರೆ ಅದರ ದಿನದ ಖರ್ಚೂ ಚಿಕ್ಕದಾಗುತ್ತದೆ. 90 ಕಿಲೋಗೆ ಇಳಿಕೆ ತಂದ ಊಟ 83 ಕಿಲೋಗೆ ಸರಿಸಮ ಆಗುತ್ತದೆ. ತೂಕದ ಜೊತೆ ಸೊಂಟವನ್ನೂ ಅಳೆಯಿರಿ. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಅನ್ನುತ್ತಾರೆ. ನನ್ನದೇ ಇನ್ನೂ 94, ಇನ್ನೂ ಕೆಲಸ ಇದೆ. ಎಷ್ಟೋ ಸಲ ಮುಳ್ಳು ನಿಂತಿರುತ್ತದೆ, ಬೆಲ್ಟ್ ಒಂದು ತೂತು ಒಳಗೆ ಹೋಗಿರುತ್ತದೆ.

ಅನ್ನ ರೊಟ್ಟಿ ಪೂರಾ ಬಿಡುವುದು ನನಗೆ ಒಪ್ಪಿಗೆ ಇಲ್ಲ. ಮೊದಲು ಚಕಚಕ ಇಳಿಯುವುದರಲ್ಲಿ ಬಹಳಷ್ಟು ನೀರೇ. ಮನೆಯಲ್ಲಿ ಎಲ್ಲರೂ ತಿನ್ನುವುದನ್ನು ಬಿಟ್ಟು ಎಷ್ಟು ದಿನ ಇರುತ್ತೀರಿ? ಆದರೆ ಗೆಳೆಯ ಒಂದು ಮಾತು ಸರಿ ಹೇಳಿದ್ದಾರೆ. ನಮ್ಮ ಊಟದಲ್ಲಿ ಪ್ರೋಟೀನ್ ಕಡಿಮೆ. ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಮ್ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಅಳತೆ. 70 ಕಿಲೋದವರಿಗೆ ಸುಮಾರು 58 ಗ್ರಾಮ್. ಒಂದು ಬಟ್ಟಲು ತೆಳ್ಳನೆ ಬೇಳೆ ಸಾರಿನಿಂದ ಅದು ಬರುವುದಿಲ್ಲ. ಗಟ್ಟಿ ಬೇಳೆ, ಮೊಳಕೆ ಕಾಳು, ಮೊಸರು, ಮೊಟ್ಟೆ ತಿನ್ನುವವರು ಎರಡು ಮೊಟ್ಟೆ. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿಕೊಂಡೇ ಹೆಚ್ಚಿಸಿ.

ನಿಮ್ಮದು ನೈಟ್ ಶಿಫ್ಟ್ ಅಂದಿರಿ. ನನಗೆ ಅನುಮಾನ ಇರುವುದು ಅಲ್ಲೇ. ನಿದ್ದೆ ಕಡಿಮೆ ಆದರೆ ಹಸಿವು ಜಾಸ್ತಿ. ರಾತ್ರಿ ಎರಡು ಗಂಟೆಗೆ ಕ್ಯಾಂಟೀನಿನಲ್ಲಿ ಏನು ತಿನ್ನುತ್ತೀರಿ?

ಚಿಂಚ್‌ವಡ್ ನೈಟ್ ಶಿಫ್ಟ್

ವಡಾ ಪಾವ್, ಚಹಾ. ಕೆಲವೊಮ್ಮೆ ಎರಡು ವಡಾ ಪಾವ್. ನಾಳೆಯಿಂದ ಮನೆಯಿಂದ ಬೇಯಿಸಿದ ಕಡಲೆ ಉಸಲಿ, ಮಜ್ಜಿಗೆ ಒಯ್ಯುತ್ತೇನೆ.

ಡೊಂಬಿವಲಿ ಅಕ್ಕ

ಅಡುಗೆ ಮಾಡುವವರ ಕಡೆಯಿಂದ ಒಂದು ಮಾತು. "ನನಗೆ ಡಯಟ್" ಅಂತ ಗಂಡಸರು ಘೋಷಣೆ ಮಾಡಿದರೆ ಅಡುಗೆಮನೆಯಲ್ಲಿ ಎರಡು ಒಲೆ ಹೊತ್ತುತ್ತವೆ. ಅದರ ಶ್ರಮ ಯಾರೂ ಎಣಿಸುವುದಿಲ್ಲ. ಮನೆಮಂದಿಗೆಲ್ಲ ಒಂದೇ ಅಡುಗೆ ಬದಲಾಗಲಿ. ನಮ್ಮ ಮನೆಯಲ್ಲಿ ಮಾಡಿದ್ದು ಇಷ್ಟು: ತಿಂಗಳಿಗೆ ಬೇಕಾದ ಎಣ್ಣೆ ಒಂದೇ ಸಲ ತೆಗೆದಿಟ್ಟು, ಮುಗಿದರೆ ಮತ್ತೆ ತರುವುದಿಲ್ಲ. ಬಾಟಲಿಯಿಂದ ಸುರಿಯುವುದು ಬಂದ್, ಚಮಚದಿಂದಲೇ ಹಾಕುವುದು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇರುತ್ತದೆ ಅಂತ ತಿಳಿದ ಮೇಲೆ ಕೈ ತಾನಾಗಿ ಬಿಗಿಯಾಯಿತು. ಈಗ ಯಜಮಾನರ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಕೂಡ ಇಳಿದಿದೆ, ಅವರು ಸೈಕಲ್ ಮುಟ್ಟಿಯೂ ಇಲ್ಲ.

ಖಡಕ್‌ವಾಸ್ಲಾ ರೈಡರ್

ಅಕ್ಕ, ಈ ಮಾತಿಗೆ ನನ್ನ ಪೂರ್ತಿ ಬೆಂಬಲ. ನಾನು ಊಟ ಅಳೆಯಲಿಲ್ಲ ಅಂದೆ. ಮನೆಯಲ್ಲಿ ಅಮ್ಮ ಅಳೆಯುತ್ತಿದ್ದರು ಅಂತ ಈಗ ಕೇಳಿ ತಿಳಿಯಿತು.

ವಾಸ್ಕೊ ಗದಗ

ಮಳೆಗಾಲದ ಬಗ್ಗೆ ಯಾರಾದರೂ ಹೇಳಿ. ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ, ಗಾಳಿ. ಆಗ ಎಲ್ಲಾ ನಿಂತುಹೋಗುತ್ತದೆ, ಎರಡು ಮೂರು ಕಿಲೋ ವಾಪಸ್ ಬರುತ್ತದೆ.

ಥಾಣೆ ಫಿಸಿಯೊ

ಮಳೆಗಾಲವನ್ನು ಸ್ನಾಯುಗಳಿಗೆ ಕೊಡಿ. ಸೈಕಲ್ ಎಷ್ಟೇ ಒಳ್ಳೆಯದಾದರೂ ಮೂಳೆ ಗಟ್ಟಿ ಮಾಡುವುದರಲ್ಲಿ ಹಿಂದೆ, ಯಾಕೆಂದರೆ ಮೂಳೆಯ ಮೇಲೆ ಭಾರ ಬೀಳುವುದಿಲ್ಲ. ಮೇಲಿನ ಅರ್ಧ ದೇಹಕ್ಕೂ ಕೆಲಸ ಕಡಿಮೆ. ಐವತ್ತು ದಾಟಿದ ಹೆಂಗಸರಿಗೆ ಇದು ಮುಖ್ಯ. ವಾರಕ್ಕೆ ಎರಡು ದಿನವಾದರೂ ಭಾರದ ವ್ಯಾಯಾಮ ಬೇಕು. ಜಿಮ್ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಗೋಡೆಗೆ ಕೈ ಕೊಟ್ಟು ಪುಷ್‌ಅಪ್, ನೀರು ತುಂಬಿದ ಬಾಟಲಿ ಎತ್ತುವುದು, ಮೆಟ್ಟಿಲು. ಕಡಿಮೆ ತಿಂದು ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಇದು ಅದನ್ನು ತಡೆಯುತ್ತದೆ.

ಸೈಕಲ್ ಮಳೆಯಲ್ಲಿ ನೆನೆದರೆ ಚೈನ್ ಬಟ್ಟೆಯಿಂದ ಒರೆಸಿ, ಒಣಗಿಸಿ ಎಣ್ಣೆ ಬಿಡಿ. ತುಕ್ಕು ಹಿಡಿದ ಚೈನ್ ಎಳೆಯುವುದು ನಿಮ್ಮ ಮಂಡಿಯೇ. ಡೊಂಬಿವಲಿ ಅಕ್ಕ, ಸೀಟು ಎತ್ತಿಸಿ ನೋಡಿದಿರಾ? ಹಿಮ್ಮಡಿ ಇಟ್ಟಾಗ ಕಾಲು ನೇರ ಆಯಿತಾ ಇಲ್ಲವಾ ಅಂತ ಇಲ್ಲೇ ಬರೆಯಿರಿ.